ಹುವಾ ಹಿನ್‌ನಲ್ಲಿ ನೆಲೆಸಲು ತಿಂಗಳಿಗೆ ಎಷ್ಟು ಬೇಕು?

ಐವತ್ತೆರಡಕ್ಕೆ ಸ್ವಯಂನಿವೃತ್ತಿ ಪಡೆದು, ಬೆಂಗಳೂರಿನ ಮನೆ ಮಾರಿ, ಥಾಯ್ಲೆಂಡಿನ ಹುವಾ ಹಿನ್‌ನಲ್ಲಿ ನೆಲೆಸಿದರೆ ತಿಂಗಳಿಗೆ ಎಷ್ಟು ಬೇಕೆಂದು ಕೇಳಿದ್ದೀರಿ. ನಿಮ್ಮ ವಯಸ್ಸಿನಲ್ಲಿ ನಾನೂ ಇದೇ ಲೆಕ್ಕ ಹಾಕುತ್ತ ಕುಳಿತಿದ್ದೆ. ಬ್ಯಾಂಕಾಕಿನಿಂದ ಸುಮಾರು 200 ಕಿ.ಮೀ., ರೈಲಿದೆ, ಖಾವ್ ತಕಿಯಾಬ್ ಗುಡ್ಡದವರೆಗೂ ಕಡಲ ದಂಡೆಯಲ್ಲೇ ನಡೆಯಬಹುದು. ಖರ್ಚು ನಿಜಕ್ಕೂ ಕೈಗೆಟುಕುವಂತಿತ್ತು. ನಮ್ಮನ್ನು ಆ ಊರು ಬಿಡಿಸಿದ್ದು ಪಾಸ್‌ಬುಕ್ಕಿನ ಒಂದು ಸಾಲು.

ಐವತ್ತು ತುಂಬಿದವರು ನಿವೃತ್ತಿಯ ಆಧಾರದ ಮೇಲೆ ಅಲ್ಲಿನ ವಾಸ್ತವ್ಯವನ್ನು ವರ್ಷ ವರ್ಷ ವಿಸ್ತರಿಸಿಕೊಳ್ಳಬಹುದು. ತಿಂಗಳಿಗೆ 65,000 ಬಾತ್ (ಅಲ್ಲಿನ ನಾಣ್ಯ) ಆದಾಯ ತೋರಿಸಬೇಕು, ಇಲ್ಲವೇ ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು. ಹೆಚ್ಚಿನವರಂತೆ ನಾನೂ ಠೇವಣಿ ಇಟ್ಟೆ. ಅರ್ಜಿಗೆ ಮುಂಚೆ ಎರಡು ತಿಂಗಳು ಆ ಹಣ ಖಾತೆಯಲ್ಲಿರಬೇಕು ಎಂಬುದು ಗೊತ್ತಿತ್ತು. ವಿಸ್ತರಣೆ ಸಿಕ್ಕ ಮೇಲೂ ಮೂರು ತಿಂಗಳು ಅದು ಅಲುಗಬಾರದು, ಉಳಿದ ತಿಂಗಳುಗಳಲ್ಲೂ 4 ಲಕ್ಷಕ್ಕಿಂತ ಕೆಳಗಿಳಿಯಬಾರದು ಎಂಬ 2019ರ ನಿಯಮವನ್ನು ನಾನು ಓದಿಯೇ ಇರಲಿಲ್ಲ. ಮೊಹರು ಬಿದ್ದ ಮೇಲೆ ದುಡ್ಡು ನನ್ನದೇ ಅಂದುಕೊಂಡೆ. ವರ್ಷದ ಬಾಡಿಗೆ ಒಟ್ಟಿಗೆ ಕೊಟ್ಟರೆ ಕಡಿಮೆ ಮಾಡುತ್ತೇನೆ ಎಂದ ಮನೆಯೊಡತಿಗೆ ಅದೇ ಖಾತೆಯಿಂದ ತೆಗೆದು ಕೊಟ್ಟೆ. ಮುಂದಿನ ತಿಂಗಳೇ ಊರಿನಿಂದ ಹಣ ತರಿಸಿ ತುಂಬಿದೆ. ಪ್ರಯೋಜನವಾಗಲಿಲ್ಲ. ಮರುವರ್ಷ ವಲಸೆ ಕಚೇರಿಯ ಅಧಿಕಾರಿ ಪಾಸ್‌ಬುಕ್ಕಿನ ಪುಟ ತಿರುವುತ್ತ ಬಂದು ಆ ಸಾಲಿನ ಮೇಲೆ ಪೆನ್ನಿನ ತುದಿಯಿಟ್ಟು ತಲೆಯೆತ್ತಿದರು. ಅಂದಿನ ಶಿಲ್ಕು 8 ಲಕ್ಷ ದಾಟಿತ್ತು. ಆದರೆ ಹಿಂದಿನ ವರ್ಷದ ಆ ಕೆಲವು ವಾರಗಳಲ್ಲಿ ಇರಲಿಲ್ಲ. ವಿಸ್ತರಣೆ ಸಿಗಲಿಲ್ಲ. ದೇಶ ಬಿಟ್ಟು, ಹೊಸ ವೀಸಾ ಪಡೆದು ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕಿತ್ತು; ನಾವು ಊರಿಗೆ ಮರಳಿದೆವು. ಮುಂದಿನ ವರ್ಷಕ್ಕೆಂದು ಕೊಟ್ಟಿದ್ದ ಬಾಡಿಗೆ ಮುಳುಗಿತು, ಹೆಂಡತಿಯ ಮಂಡಿಯ ಚಿಕಿತ್ಸೆ ನಡುವೆಯೇ ನಿಂತಿತು.

ಆದ್ದರಿಂದ ತಿಂಗಳ ಖರ್ಚಿನ ಲೆಕ್ಕ ಆಮೇಲಿನದು. ಆ 8 ಲಕ್ಷ ಬಾತ್, ಅಂದರೆ 20 ಲಕ್ಷ ರೂಪಾಯಿಗೂ ಹೆಚ್ಚಿನ ಮೊತ್ತವನ್ನು ಅಲ್ಲಿ ಇಟ್ಟು ಮರೆತುಬಿಡಲು ಸಾಧ್ಯವೇ ಎಂದು ಮೊದಲು ನೋಡಿ. ದಿನದ ಖರ್ಚಿಗೆ ಬೇರೆಯೇ ಖಾತೆ ತೆರೆಯಿರಿ, ಎರಡನ್ನೂ ಬೆರೆಸಬೇಡಿ. ನಡುವೆ ಊರಿಗೆ ಬರುವಾಗ ಮರುಪ್ರವೇಶದ ಪರವಾನಗಿ ಪಡೆಯದೆ ವಿಮಾನ ಹತ್ತಿದರೆ ವಿಸ್ತರಣೆ ಅಲ್ಲಿಗೇ ರದ್ದಾಗುತ್ತದೆ. ವರ್ಷದಲ್ಲಿ 180 ದಿನ ಅಲ್ಲಿದ್ದವರು ಹೊರಗಿನ ಆದಾಯವನ್ನು ಒಳತಂದರೆ 2024ರಿಂದ ಅದೂ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಪಿಂಚಣಿಯ ವಿಷಯವನ್ನು ಲೆಕ್ಕಪರಿಶೋಧಕರ ಹತ್ತಿರ ಹೊರಡುವ ಮೊದಲೇ ಕೇಳಿಕೊಳ್ಳಿ. ನೀವು ಸಸ್ಯಾಹಾರಿಗಳಾದರೆ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ಅಡುಗೆಮನೆಯಿರುವ ಮನೆಯನ್ನೇ ಹುಡುಕಿ.

ಮನೆ ಮಾರುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ವಿದೇಶಿಯರು ಅಲ್ಲಿ ತಮ್ಮ ಹೆಸರಿನಲ್ಲಿ ಜಮೀನು ಕೊಳ್ಳುವಂತಿಲ್ಲ; ಫ್ಲಾಟ್ ಕೊಳ್ಳಬಹುದಾದರೂ ಕಟ್ಟಡದ ಒಟ್ಟು ವಿಸ್ತೀರ್ಣದಲ್ಲಿ ವಿದೇಶಿಯರ ಪಾಲು 49 ಪ್ರತಿಶತ ಮೀರುವಂತಿಲ್ಲ. ವಾಪಸ್ ಬಂದಾಗ ನಮಗೆ ಬಾಗಿಲು ತೆಗೆದದ್ದು ಮಾರದೆ ಬಾಡಿಗೆಗೆ ಕೊಟ್ಟಿದ್ದ ಇಲ್ಲಿನ ನಮ್ಮ ಮನೆ. ಮೊದಲು ಅಕ್ಟೋಬರ್ ಮಳೆಯಲ್ಲಿ ಹೋಗಿ ಒಂದು ತಿಂಗಳು ಇದ್ದು ಬನ್ನಿ. ಅಲ್ಲಿಯವರೆಗೆ ದಯವಿಟ್ಟು ಕ್ರಯದ ಕರಾರಿಗೆ ಸಹಿ ಹಾಕಬೇಡಿ.