ಬೆಕ್ಕು ಊಟನ ಬಟ್ಟಲಿಂದ ಆಚೆ ಎಳೆದು ಚೆಲ್ಲುತ್ತೆ, ಯಾವ ಬಟ್ಟಲು ತಗೊಂಡ್ರೆ ಒಳ್ಳೇದು?

ಅಗಲವಾಗಿ, ಆಳ ಕಮ್ಮಿ ಇರೋದು ತಗೊಳ್ಳಿ. ಬಟ್ಟಲು ಆಳವಾಗಿ ಬಾಯಿ ಚಿಕ್ಕದಿದ್ರೆ ಮೀಸೆ ಎರಡೂ ಕಡೆ ಅಂಚಿಗೆ ತಾಗುತ್ತೆ, ಕೆಲವು ಬೆಕ್ಕಿಗೆ ಅದು ಆಗಲ್ಲ, ಪಂಜದಲ್ಲಿ ಕೆರೆದು ನೆಲಕ್ಕೆ ಹಾಕ್ಕೊಂಡು ತಿನ್ನುತ್ತೆ. ನಾನು ಮೈಸೂರಲ್ಲಿ ದೇವರಾಜ ಮಾರ್ಕೆಟ್ ಹತ್ರ ಪಾತ್ರೆ ಅಂಗಡೀಲಿ ಒಂದಿಂಚು ಅಂಚಿರೋ ಸ್ಟೀಲ್ ತಟ್ಟೆ ತಗೊಂಡೆ, ಆದ್ರೆ ಸ್ಟೀಲ್ ಹಗುರ, ನೆಕ್ಕಿದ ಹಾಗೆಲ್ಲಾ ಜಾರುತ್ತೆ, ಅಡಿಗೆ ರಬ್ಬರ್ ಮ್ಯಾಟ್ ಹಾಕಿದ ಮೇಲೇ ಸರಿಹೋಗಿದ್ದು. ಪಿಂಗಾಣಿದಾದ್ರೆ ಭಾರಕ್ಕೇ ನಿಲ್ಲುತ್ತೆ. ಪ್ಲಾಸ್ಟಿಕ್ ಮಾತ್ರ ಬೇಡ, ಗೀರು ಬಿದ್ದ ಕಡೆ ಬ್ಯಾಕ್ಟೀರಿಯಾ ಸೇರ್ಕೊಳ್ಳುತ್ತೆ, ಕೆಲವು ಬೆಕ್ಕಿಗೆ ಗದ್ದದಲ್ಲಿ ಕಪ್ಪು ಚುಕ್ಕೆನೂ ಬರುತ್ತೆ.

ಇನ್ನೊಂದು, ಮೀನು ಕೋಳಿ ದೊಡ್ಡ ತುಂಡು ಹಾಕಿದ್ರೆ ಯಾವ ತಟ್ಟೆ ಇಟ್ರೂ ಆಚೆ ಎಳ್ಕೊಂಡು ಹೋಗುತ್ತೆ, ಅದರ ದವಡೆ ನಮ್ಮ ಹಾಗೆ ಅಕ್ಕಪಕ್ಕ ಆಡಲ್ಲ, ಅಗಿದು ಅರೆಯೋಕಾಗಲ್ಲ, ಕತ್ತರಿಸಿ ನುಂಗೋದೇ. ಮುಳ್ಳು ಮೂಳೆ ತೆಗೆದು ಸಣ್ಣಕ್ಕೆ ಮಾಡಿ, ಸ್ವಲ್ಪ ಸ್ವಲ್ಪನೇ ಹಾಕಿ. ಇರುವೆ ಕಾಟ ಇದ್ರೆ ತಟ್ಟೇನ ನೀರು ಹಾಕಿದ ದೊಡ್ಡ ತಟ್ಟೆ ಮಧ್ಯ ಇಡಿ.

ಮೊದಲು ನೀಟಾಗಿ ತಿಂತಿದ್ದ ಬೆಕ್ಕು ಈಗ ಬಾಯಿಂದ ಬೀಳಿಸ್ತಿದ್ರೆ, ಜೊಲ್ಲು ಸುರಿಸ್ತಿದ್ರೆ, ಅದು ಹಲ್ಲು ಇಲ್ಲಾ ವಸಡಿನ ನೋವಿರಬಹುದು ಕಣ್ರೀ, ತಟ್ಟೆ ಹುಡುಕ್ತಾ ಕೂರಬೇಡಿ, ಪಶುವೈದ್ಯರ ಹತ್ರ ತೋರಿಸಿ.