ಎಂಜಿನ್ ಓಡುತ್ತಿದ್ದಾಗ ಬ್ಲೇಡಿನ ಹತ್ತಿರ ಕೈ ಹಾಕಬೇಡಿ, ಬ್ಲೇಡ್ ನಿಂತಿದ್ದರೂ

ದಾವಣಗೆರೆ ಮನೆಯ ಹಿತ್ತಲಿನ ಹುಲ್ಲು, ಕಾಂಗ್ರೆಸ್ ಗಿಡ ತೆಗೆಯಲು ಕರೆಂಟಿನ ಕಟರ್ ಸೇಫಾ, ಪೆಟ್ರೋಲಿನದು ಸೇಫಾ ಅಂತ ಕೇಳಿದ್ದೀರಿ. ನಾನೂ ಚಿತ್ರದುರ್ಗದಲ್ಲಿ ಇದನ್ನೇ ಕೇಳುತ್ತಾ ಅಂಗಡಿ ಅಂಗಡಿ ತಿರುಗಿದವನು. ನಮ್ಮ ಮನೆ ಜೋಗಿಮಟ್ಟಿ ರಸ್ತೆ ಕಡೆ. ಪಕ್ಕದಲ್ಲೇ ಖಾಲಿ ಸೈಟು, ಮಳೆ ಬಿದ್ದರೆ ಸೊಂಟದೆತ್ತರ ಹುಲ್ಲು, ಮನೆಯಲ್ಲಿ ಎಲ್ಲರಿಗೂ ಹಾವಿನ ಭಯ. ಅಷ್ಟು ದೂರ ವೈರ್ ಎಳೆಯುವ ತಾಪತ್ರಯ ಬೇಡ ಅಂತ ಪೆಟ್ರೋಲಿನದು ತಂದೆ. ಈಗ ನನ್ನ ಬಲಗೈ ಉಂಗುರದ ಬೆರಳಿಗೆ ಮೇಲಿನ ಗೆಣ್ಣಿಲ್ಲ.

ಮೊದಲು ಶುರುವಾಗಿದ್ದು ಸಣ್ಣ ಕಿರಿಕಿರಿ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಎಂಜಿನ್ ಆಫ್ ಆಗುತ್ತಿತ್ತು. ಬಿಸಿ ಎಂಜಿನ್ ಮತ್ತೆ ಚಾಲು ಮಾಡಲು ಹಗ್ಗ ಎಳೆದೂ ಎಳೆದೂ ಭುಜ ಬಿದ್ದುಹೋಗುತ್ತಿತ್ತು. ಕಾರ್ಬುರೇಟರ್ ಪಕ್ಕದ ಐಡಲ್ ಸ್ಕ್ರೂ (ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಓಡುವ ವೇಗವನ್ನು ಏರಿಸುವ, ಇಳಿಸುವ ಸ್ಕ್ರೂ) ಸ್ವಲ್ಪ ತಿರುಗಿಸಿ, ಆಫ್ ಆಗಲ್ಲ ಅಂತ ಪರಿಚಯದವರೊಬ್ಬರು ಹೇಳಿದರು. ತಿರುಗಿಸಿದೆ. ಆಫ್ ಆಗುವುದು ನಿಂತೇ ಹೋಯಿತು.

ಇಲ್ಲಿಂದ ಮುಂದೆ ನಿಧಾನವಾಗಿ ಓದಿ, ಯಾಕಂದರೆ ಇದನ್ನು ನನಗೆ ಯಾವ ಅಂಗಡಿಯವರೂ ಹೇಳಲಿಲ್ಲ. ಈ ಮಷೀನಿನಲ್ಲಿ ಎಂಜಿನ್‌ಗೂ ಬ್ಲೇಡಿಗೂ ನಡುವೆ ಒಂದು ಕ್ಲಚ್ ಇರುತ್ತದೆ. ಎಂಜಿನ್ ನಿಧಾನ ಓಡುವಾಗ ಕ್ಲಚ್ ಬಿಟ್ಟಿರುತ್ತದೆ, ಬ್ಲೇಡ್ ಸುಮ್ನೆ ನಿಂತಿರುತ್ತದೆ. ವೇಗ ಏರಿದಾಗ ಒಳಗಿನ ಶೂ ಅನ್ನುವ ತುಂಡುಗಳು ಹೊರಕ್ಕೆ ಸರಿದು ಸುತ್ತಲಿನ ಡ್ರಮ್ಮನ್ನು ಒತ್ತಿ ಹಿಡಿಯುತ್ತವೆ, ಆಗ ಬ್ಲೇಡ್ ತಿರುಗುತ್ತದೆ. ಐಡಲ್ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 3000 ಸುತ್ತಿನ ಆಸುಪಾಸು. ಕ್ಲಚ್ ಹಿಡಿಯುವ ವೇಗ ಅದಕ್ಕಿಂತ ತುಂಬಾ ಮೇಲೇನೂ ಇಲ್ಲ. ಸ್ಕ್ರೂ ತಿರುಗಿಸಿ ಆ ಅಂತರವನ್ನೇ ನಾನು ಅಳಿಸಿಬಿಟ್ಟಿದ್ದೆ. ಕೈ ಬಿಟ್ಟಿದ್ದರೂ ಕ್ಲಚ್ ಅರ್ಧ ಹಿಡಿದೇ ಇರುತ್ತಿತ್ತು.

ಒಂದು ದಿನ ಹಸಿ ಹಂಬು ಬಂದು ಬ್ಲೇಡಿಗೆ ಸುತ್ತಿಕೊಂಡಿತು. ಬ್ಲೇಡ್ ನಿಂತಿತು. ನೋಡಿದರೆ ಕದಲುತ್ತಿಲ್ಲ, ಎಂಜಿನ್ ಗುಡುಗುಡು ಅಂತಿದೆ, ಮತ್ತೆ ಹಗ್ಗ ಎಳೆಯಬೇಕಲ್ಲ ಅಂತ ಆಫ್ ಮಾಡಲಿಲ್ಲ. ಬಗ್ಗಿ ಹಂಬು ಕಿತ್ತೆ. ಬ್ಲೇಡನ್ನು ಹಿಡಿದು ನಿಲ್ಲಿಸಿದ್ದೇ ಆ ಹಂಬು. ಅದು ಸಡಿಲವಾದ ಕ್ಷಣವೇ ಬ್ಲೇಡ್ ತಿರುಗಿತು. ದಪ್ಪ ಚರ್ಮದ ಗ್ಲೌಸ್ ಹಾಕಿದ್ದೆ, ಅದನ್ನೂ ಸೇರಿಸಿ ಕತ್ತರಿಸಿತು. ಆಸ್ಪತ್ರೆಯಲ್ಲಿ ಗಾಯ ಹೊಲಿದರು, ತುದಿಯನ್ನು ಕೂಡಿಸುವ ಸ್ಥಿತಿ ಇರಲಿಲ್ಲ.

ಆಮೇಲೆ ಮೆಕ್ಯಾನಿಕ್ ಮಷೀನ್ ಬಿಚ್ಚಿ ನೋಡಿದರೆ ಏರ್ ಫಿಲ್ಟರ್ ತುಂಬಾ ನಮ್ಮೂರಿನ ಕೆಂಪು ಧೂಳು. ಎಂಜಿನ್ ಆಫ್ ಆಗುತ್ತಿದ್ದುದು ಅದಕ್ಕೇ. ಫಿಲ್ಟರ್ ತೊಳೆದು ಒಣಗಿಸಿ ಹಾಕಿದ್ದರೆ ಸ್ಕ್ರೂ ಮುಟ್ಟುವ ಅಗತ್ಯವೇ ಬರುತ್ತಿರಲಿಲ್ಲ.

ಹಾಗಾಗಿ ಕರೆಂಟಾ ಪೆಟ್ರೋಲಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಎರಡೂ ಕತ್ತರಿಸುತ್ತವೆ. ಏನಾದರೂ ಸಿಕ್ಕಿಕೊಂಡಾಗ ನೀವು ಏನು ಮಾಡುತ್ತೀರಿ ಅನ್ನುವುದು ಮುಖ್ಯ. ಪೆಟ್ರೋಲಿನದಾದರೆ ಎಂಜಿನ್ ಆಫ್ ಮಾಡಿ, ಬ್ಲೇಡ್ ಪೂರ್ತಿ ನಿಲ್ಲುವವರೆಗೆ ಕಾದು, ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತು, ಆಮೇಲೆ ಕೈ ಹಾಕಿ. ಕರೆಂಟಿನದಾದರೆ ಪ್ಲಗ್ ಕಿತ್ತು, ಬ್ಯಾಟರಿಯದಾದರೆ ಬ್ಯಾಟರಿ ತೆಗೆದು. ಬರೀ ಸ್ವಿಚ್ ನಂಬಬೇಡಿ.

ಕರೆಂಟಿನದೇ ತಂದರೆ, ಬೋರ್ಡಿನಲ್ಲಿ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನಾಗಿ ಬೀಳುವ ಸ್ವಿಚ್) ಇದೆಯಲ್ಲ ಅಂತ ಸುಮ್ಮನಾಗಬೇಡಿ. ಎಂಸಿಬಿ ವೈರ್ ಸುಡದಂತೆ ಕಾಯುತ್ತದೆ. ವೈರ್ ಕೊಯ್ದು ಮೈಗೆ ಕರೆಂಟ್ ಹರಿದಾಗ ಬೇಗ ಕಟ್ ಮಾಡುವುದು ಬೇರೆಯದೇ ಸ್ವಿಚ್, 30 ಮಿಲಿಆಂಪ್ ಆರ್‌ಸಿಸಿಬಿ. ಅದಿಲ್ಲದಿದ್ದರೆ ಎಲೆಕ್ಟ್ರಿಶಿಯನ್ ಕರೆದು ಮೊದಲು ಹಾಕಿಸಿ. ಹುಲ್ಲು ಒದ್ದೆ ಇದ್ದರೆ ಮಷೀನ್ ಹೊರಗೇ ತರಬೇಡಿ. ವೈರ್ ಯಾವಾಗಲೂ ಹೆಗಲ ಮೇಲಿಂದ ಹಿಂದಕ್ಕೆ ಹೋಗಿರಲಿ.

ಕಲ್ಲು ನೆಲ ಇದ್ದರೆ ಲೋಹದ ಬ್ಲೇಡ್ ಬೇಡವೇ ಬೇಡ, ನೈಲಾನ್ ದಾರ ಹಾಕಿ. ದಾರವೂ ಸಣ್ಣ ಕಲ್ಲು ಹಾರಿಸುತ್ತದೆ, ಅದಕ್ಕೇ ಗಾರ್ಡ್ ತೆಗೆಯಬಾರದು, ಕಣ್ಣಿಗೆ ಗಾಗಲ್ಸ್ ಬೇಕು, 15 ಮೀಟರ್ ಒಳಗೆ ಮಕ್ಕಳು, ನಾಯಿ ಯಾರೂ ಇರಬಾರದು. ಲೇಔಟ್ ಮನೆಗಳಲ್ಲಿ ಅಷ್ಟು ಜಾಗ ಎಲ್ಲಿದೆ ಹೇಳಿ? ಪಕ್ಕದ ಮನೆ ಕಾಂಪೌಂಡ್ ಅದರೊಳಗೇ ಬಂತು.

ಇನ್ನು ಕಾಂಗ್ರೆಸ್ ಗಿಡಕ್ಕೆ ಮಷೀನ್ ತರಬೇಡಿ. ಮೇಲೆ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹೂ ಬಂದಿದ್ದರೆ ಅದರ ಪುಡಿ ಹಾರಿ ಮೂಗು, ಚರ್ಮಕ್ಕೆ ಅಲರ್ಜಿ ಆಗುವುದು ಬೇರೆ. ಮಳೆ ಬಂದು ನೆಲ ಮೆತ್ತಗಾದಾಗ, ಹೂ ಬರುವ ಮೊದಲು, ಕೈಗೆ ಗ್ಲೌಸ್, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬೇರು ಸಮೇತ ಕೀಳಿ. ಮನೆ ಹಿತ್ತಲಿನಷ್ಟು ಜಾಗಕ್ಕೆ ಕಳೆ ಕೀಳುವ ಒಂದು ಕುರ್ಚಿಗೆ, ಒಂದು ಕುಡುಗೋಲು, ಒಂದು ಭಾನುವಾರ ಸಾಕು ಅಂತ ನನ್ನ ಅಭಿಪ್ರಾಯ.

ಇಷ್ಟಾದರೂ ಪೆಟ್ರೋಲಿನದೇ ಬೇಕು ಅಂದರೆ ಅಂಗಡಿಯಲ್ಲೇ ಚಾಲು ಮಾಡಿಸಿ. ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟು ಬ್ಲೇಡ್ ನೋಡಿ. ನಿಧಾನಕ್ಕಾದರೂ ತಿರುಗುತ್ತಲೇ ಇದ್ದರೆ, ಅದನ್ನು ಸರಿ ಮಾಡಿಕೊಡುವವರೆಗೆ ದುಡ್ಡು ಕೊಡಬೇಡಿ. ಮನೆಗೆ ತಂದ ಮೇಲೂ ಪ್ರತಿ ಸಲ ಕೆಲಸ ಶುರು ಮಾಡುವ ಮೊದಲು ಹೀಗೇ ನೋಡಿ.