ಮಳೆಗೆ ನೆಂದ ಮರಳು ಇಳಿದದ್ದೇಕೆ?

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ. ಮೊನ್ನೆ ಒಂದು ಟ್ರಾಕ್ಟರ್ ಎಂ-ಸ್ಯಾಂಡ್ ಬಂತು, ಸ್ವಲ್ಪ ತೇವ ಇತ್ತು. ಸುತ್ತ ಸಿಮೆಂಟ್ ಬ್ಲಾಕ್ ಜೋಡಿಸಿ ಅಂಚಿನವರೆಗೂ ತುಂಬಿಸಿದ್ದೆವು. ರಾತ್ರಿಯಿಡೀ ಜೋರು ಮಳೆ. ಬೆಳಿಗ್ಗೆ ನೋಡಿದರೆ ಅರ್ಧ ಗೇಣು ಕೆಳಗಿಳಿದಿದೆ! ಕೊಚ್ಚಿಹೋದ ಗುರುತಿಲ್ಲ. ಯಾರಾದರೂ ಕದ್ದರಾ ಅಂತ ಅನುಮಾನ. ಮೇಸ್ತ್ರಿ ಮಾತ್ರ "ಮರಳು ಕೂತಿದೆ ಬಿಡಿ ಸಾರ್" ಅನ್ನುತ್ತಾರೆ. ನೀರು ಸೇರಿದರೆ ಜಾಸ್ತಿ ಆಗಬೇಕಲ್ವಾ?

ಉತ್ತರ: ಮೇಸ್ತ್ರಿ ಹೇಳಿದ್ದೇ ಸರಿ. ಮಳೆಗೆ ನಿಮ್ಮ ಮರಳು ಕಮ್ಮಿಯಾಗಿಲ್ಲ, ಬಂದಾಗಲೇ ಅದು ಉಬ್ಬಿತ್ತು.

ಸೇರಿನಲ್ಲಿ ರಾಗಿ ಅಳೆಯುವುದನ್ನು ನೋಡಿರುತ್ತೀರಿ. ಸುಮ್ನೆ ಸುರಿದರೆ ಒಂದು ಲೆಕ್ಕ, ಕುಕ್ಕಿ ಅಳೆದರೆ ಇನ್ನೊಂದು. ಕಾಳಿನ ನಡುವೆ ಯಾವಾಗಲೂ ಸಂದು ಇರುತ್ತದೆ. ಒಂದೇ ಗಾತ್ರದ ಗೋಲಿಗಳನ್ನು ಡಬ್ಬಿಗೆ ಸುರಿದು ಚೆನ್ನಾಗಿ ಕುಲುಕಿದರೂ ಗೋಲಿ ತುಂಬುವುದು ಸುಮಾರು 64% ಜಾಗ ಮಾತ್ರ. ಉಳಿದದ್ದು ಬರೀ ಗಾಳಿ.

ಒಣ ಮರಳಿನ ಕಾಳು ಜಾರಿಕೊಂಡು ಸಂದು ಹುಡುಕಿ ಕೂರುತ್ತದೆ. ತುಸು ತೇವ ಸೇರಿತೋ, ಎರಡು ಕಾಳು ತಾಗುವ ಕಡೆಯೆಲ್ಲ ಕಣ್ಣಿಗೆ ಕಾಣದಷ್ಟು ನೀರು ನಿಂತು ಎರಡನ್ನೂ ಅಂಟಿಸಿಬಿಡುತ್ತದೆ. ಮಲ್ಪೆ ಬೀಚಿನಲ್ಲಿ ಮಕ್ಕಳ ಮರಳಿನ ಗೂಡು ನಿಲ್ಲುವುದೂ ಇದರಿಂದಲೇ. ಹಾಗೆ ಅಂಟಿದ ಕಾಳು ಸಂದಿಗೆ ಜಾರುವುದಿಲ್ಲ, ಬಿದ್ದಲ್ಲೇ ಸಡಿಲವಾಗಿ ನಿಲ್ಲುತ್ತದೆ. ತೂಕದಲ್ಲಿ 5% ಆಸುಪಾಸು ತೇವ ಇದ್ದರೆ ಸಾಕು, ಮರಳು 20–30% ಉಬ್ಬುತ್ತದೆ. ನುಣ್ಣನೆಯ ಮರಳಾದರೆ 40% ಕೂಡ ಆದೀತು. ಜಲ್ಲಿಗೆ ಈ ಕಾಟ ಇಲ್ಲ. ಅದರ ಭಾರದ ಮುಂದೆ ನೀರಿನ ಅಂಟು ಯಾವ ಲೆಕ್ಕ?

ರಾತ್ರಿ ಮಳೆ ಸುರಿದಾಗ ಸಂದುಗಳೆಲ್ಲ ನೀರಿನಿಂದ ತುಂಬಿದವು. ಅಂಟು ಹುಟ್ಟುವುದು ನೀರೂ ಗಾಳಿಯೂ ಸೇರುವ ಕಡೆ. ಗಾಳಿಯೇ ಹೊರಗೆ ಹೋದ ಮೇಲೆ ಅಂಟೂ ಇಲ್ಲ. ಕಾಳುಗಳು ಬಿಡಿಬಿಡಿಯಾಗಿ ಜಾರಿ ಕೂತವು. ಪೂರ್ತಿ ನೆಂದ ಮರಳು ಹೆಚ್ಚುಕಮ್ಮಿ ಒಣ ಮರಳಿನಷ್ಟೇ ಜಾಗ ಹಿಡಿಯುತ್ತದೆ.

ಕಳ್ಳನ ಚಿಂತೆ ಬಿಡಿ, ಗಾರೆಯ ಚಿಂತೆ ಮಾಡಿ. ಒಂದು ಮೂಟೆ ಸಿಮೆಂಟ್ ಎಂದರೆ 35 ಲೀಟರ್. 1:6 ಗಾರೆಗೆ ಅದೇ ಅಳತೆಯ ಪೆಟ್ಟಿಗೆಯಲ್ಲಿ ಆರು ಪೆಟ್ಟಿಗೆ ಮರಳು, ಅಂದರೆ 210 ಲೀಟರ್. ಮರಳು 25% ಉಬ್ಬಿದ್ದರೆ ನಿಜವಾಗಿ ಬಿದ್ದದ್ದು 168 ಲೀಟರ್. ನಿಮ್ಮ 1:6 ಗೊತ್ತಿಲ್ಲದೆ 1:4.8 ಆಯಿತು, ಸಿಮೆಂಟ್ ದಂಡ. ಕಾಂಕ್ರೀಟಿನಲ್ಲಿ ಇನ್ನೂ ಕೆಟ್ಟದ್ದು: ಮರಳು ಸಾಲದೆ ಜಲ್ಲಿಯ ನಡುವೆ ಜೇನುಗೂಡಿನಂಥ ತೂತು ಉಳಿಯುತ್ತದೆ. ಬಾಂಡ್ಲಿ ಲೆಕ್ಕದಲ್ಲಿ ಸುರಿಯುವ ಕಡೆಯಂತೂ ಯಾರೂ ಇದನ್ನು ನೋಡುವುದೇ ಇಲ್ಲ.

ಪರೀಕ್ಷೆ ಮಾಡಲು ಲ್ಯಾಬ್ ಬೇಕಿಲ್ಲ. ನೇರ ಗೋಡೆಯ ಗಾಜಿನ ಲೋಟಕ್ಕೆ ತೇವದ ಮರಳನ್ನು ಒತ್ತದೆ ಸುರಿಯಿರಿ. ಎತ್ತರ 12 ಸೆಂಟಿಮೀಟರ್ ಇತ್ತು ಅನ್ನಿ. ಅದನ್ನು ತಟ್ಟೆಗೆ ಬಗ್ಗಿಸಿ, ಲೋಟಕ್ಕೆ ಅರ್ಧ ನೀರು ಹಾಕಿ, ಮರಳನ್ನು ಸ್ವಲ್ಪಸ್ವಲ್ಪವಾಗಿ ವಾಪಸ್ ಬಿಡಿ. ಕಡ್ಡಿಯಲ್ಲಿ ಕಲಕಿ. ಗುಳ್ಳೆ ಏಳುತ್ತವೆ, ಸಿಕ್ಕಿಕೊಂಡಿದ್ದ ಗಾಳಿ ಅದು. ಕೂತ ಮೇಲೆ 10 ಸೆಂಟಿಮೀಟರ್ ಬಂದರೆ ಉಬ್ಬು 20%. ಆರು ಪೆಟ್ಟಿಗೆ ಹಾಕುವ ಕಡೆ ಏಳಕ್ಕಿಂತ ಸ್ವಲ್ಪ ಜಾಸ್ತಿಯೇ ಹಾಕಬೇಕು.

ಇದೇ ಕಾರಣಕ್ಕೆ ತಳಪಾಯಕ್ಕೆ ಮರಳು ತುಂಬಿದ ಮೇಲೆ ನೀರು ಬಿಟ್ಟು ಕೂರಿಸುತ್ತಾರೆ. ಆದರೆ ಮಣ್ಣು ತುಂಬಿಸುತ್ತಿದ್ದರೆ ಹಾಗೆ ಮಾಡಬೇಡಿ, ಅದರಲ್ಲೂ ಕಪ್ಪು ಮಣ್ಣಿಗೆ. ಜೇಡಿ ಇರುವ ಮಣ್ಣಿಗೆ ಹದವಾದ ತೇವ ಬೇಕು, ನಂತರ ಚೆನ್ನಾಗಿ ಗುದ್ದಬೇಕು. ತೇವಕ್ಕೂ ಮಣ್ಣು ಕೂರುವುದಕ್ಕೂ ಇರುವ ಈ ಲೆಕ್ಕವನ್ನು 1933ರಲ್ಲಿ ಕ್ಯಾಲಿಫೋರ್ನಿಯಾದ ಎಂಜಿನಿಯರ್ ಪ್ರಾಕ್ಟರ್ ಅಳೆದು ತೋರಿಸಿದರು. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ಆಗಬೇಕು, ಅಂಗೈಗೆ ನೀರು ಒಸರಬಾರದು, ಅಷ್ಟೇ.

ಮುಂದಿನ ಲೋಡ್ ತೂಕದಲ್ಲಿ ತರಿಸಿ, ಉಬ್ಬಿನ ರಗಳೆ ಇರುವುದಿಲ್ಲ. ಹಾಗಂತ ತೇವದ ಮರಳು ಬಂದರೆ ಒಂದು ಟನ್ನಿನಲ್ಲಿ ಸುಮಾರು 50 ಕಿಲೋ ನೀರಿಗೂ ದುಡ್ಡು ಕೊಟ್ಟಿರುತ್ತೀರಿ!